ಹೆರಿಗೆಯ ರಕ್ತಸ್ರಾವ ಮತ್ತು ಬೆಳಗಾವಿಯ ಒಂದು ಸಂಶೋಧನೆ

ಮಗು ಹುಟ್ಟಿ ಅತ್ತೊಡನೆ ಮನೆಯವರೆಲ್ಲರ ಗಮನ ಅದರ ಕಡೆಗೆ ತಿರುಗುವುದು ಸಹಜ. ತಾಯಿಗೆ ಹೆಚ್ಚಿನ ಅಪಾಯವಿರುವುದು ಆಗಲೇ. ಮಾಸು ಬಿದ್ದ ಮೇಲೆ ಗರ್ಭಕೋಶವು ಗಟ್ಟಿಯಾಗಿ ಸಂಕುಚಿಸಬೇಕು. ಸಡಿಲವಾಗಿಯೇ ಉಳಿದರೆ ತೆರೆದ ರಕ್ತನಾಳಗಳಿಂದ ರಕ್ತ ಹರಿಯುತ್ತದೆ. ಸಾಮಾನ್ಯವಾಗಿ ಅರ್ಧ ಲೀಟರು ಅಥವಾ ಹೆಚ್ಚು ರಕ್ತ ಹೋದರೆ ಅದು ಪ್ರಸವಾನಂತರದ ರಕ್ತಸ್ರಾವವೆನಿಸುತ್ತದೆ.

ಇದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು. ಚುಚ್ಚಲು ತರಬೇತಾದವರೂ ಬೇಕು. ಇವಿಲ್ಲದ ಹಳ್ಳಿಯಲ್ಲಿ ಏನು ಮಾಡುವುದು? ಮೊದಲಿಗೆ ಹೊಟ್ಟೆಹುಣ್ಣಿಗೆಂದು ಬಳಕೆಗೆ ಬಂದ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯು ಗರ್ಭಕೋಶವನ್ನು ಸಂಕುಚಿಸಬಲ್ಲದೆಂದು ವೈದ್ಯರು ಅರಿತಿದ್ದರು. ಹಳ್ಳಿಯ ದಾದಿಯ ಕೈಯಲ್ಲಿ ಅದು ಉಪಯೋಗಕ್ಕೆ ಬರುವುದೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕಿತ್ತು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ 2002ರಿಂದ 2005ರವರೆಗೆ ಆ ಜಿಲ್ಲೆಯಲ್ಲಿ ಈ ಪರೀಕ್ಷೆ ನಡೆಸಿದರು. ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯೂ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನವೂ ಅನುದಾನವಿತ್ತವು. ಅನುದಾನವು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಆದರೆ ಒಪ್ಪಿದ ಕೆಲಸಕ್ಕೇ ವೆಚ್ಚಮಾಡಿ ಲೆಕ್ಕ ಒಪ್ಪಿಸಬೇಕು. ಅಗ್ಗದ ಹಳೆಯ ಮಾತ್ರೆಯೊಂದರ ಮೇಲೆ ವರ್ಷಗಟ್ಟಲೆ ಹಣ ತೊಡಗಿಸಲು ಔಷಧ ವ್ಯಾಪಾರಿಗೆ ಆಸೆ ಕಡಿಮೆ. ಇಂತಹ ನೆರವಿನ ಬೆಲೆ ತಿಳಿಯುವುದು ಅಲ್ಲಿಯೇ.

ಪಾಲ್ಗೊಂಡವರು 1,620 ಮಂದಿ ಗರ್ಭಿಣಿಯರು. ಹೆರಿಗೆಯಾದೊಡನೆ ಸುಮಾರು ಅರ್ಧದಷ್ಟು ಮಂದಿಗೆ ಔಷಧದ ಮಾತ್ರೆ, ಉಳಿದವರಿಗೆ ಹಾಗೆಯೇ ಕಾಣುವ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದೆಂದು ತಾಯಿಗೂ ತಿಳಿಯದು, ದಾದಿಗೂ ತಿಳಿಯದು. ಹೋದ ರಕ್ತವನ್ನು ಅಳತೆಯ ಗುರುತುಗಳಿದ್ದ ಪ್ಲಾಸ್ಟಿಕ್ ಹಾಳೆಯಲ್ಲಿ ಸಂಗ್ರಹಿಸಿ ಅಳೆದರು. ಔಷಧವಿಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ರಕ್ತಸ್ರಾವವಾಯಿತು. ಔಷಧ ಪಡೆದವರಲ್ಲಿ ಅದು 6.4ಕ್ಕೆ ಇಳಿಯಿತು. ಕೆಲವರಿಗೆ ನಡುಕ, ಜ್ವರ ಬಂದು ಹೋದವು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕೆಲವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟದ್ದು ನ್ಯಾಯವೇ? ಕೇಳಲೇಬೇಕಾದ ಪ್ರಶ್ನೆ. ಹೋಲಿಸಿ ನೋಡದಿದ್ದರೆ ರಕ್ತವು ಮಾತ್ರೆಯಿಂದ ನಿಂತಿತೋ ತಾನಾಗಿ ನಿಂತಿತೋ ಹೇಳಲಾಗದು. ಆದರೂ ಆ ತಾಯಂದಿರ ಋಣ ನಮ್ಮೆಲ್ಲರ ಮೇಲಿದೆ.

ನಿಮ್ಮ ಊರಿಗೂ ಸಂಶೋಧಕರು ಬಂದಾರು. ಹಣ ಯಾರದು, ಅಪಾಯವೇನು, ನೈತಿಕ ಸಮಿತಿಯ ಅನುಮತಿ ಇದೆಯೇ ಎಂದು ಕೇಳಿರಿ. ಓದುಬಾರದವರು ಹೆಬ್ಬೆಟ್ಟು ಒತ್ತುವ ಮುನ್ನ ಒಪ್ಪಿಗೆ ಪತ್ರವನ್ನು ಸಾಕ್ಷಿಯ ಮುಂದೆ ಓದಿಸಿಕೊಳ್ಳಬೇಕು. ಪತ್ನಿಯ ಪರವಾಗಿ ಪತಿ ಒಪ್ಪಿದರೆ ಸಾಲದು. ಒಲ್ಲೆನೆಂದರೆ ಎಂದಿನ ಚಿಕಿತ್ಸೆಗೆ ಕುಂದು ಬರಕೂಡದು.

ಈ ಮಾತ್ರೆಯನ್ನು ಅಂಗಡಿಯಿಂದ ತಂದು ಹೆರಿಗೆ ಬೇಗವಾಗಲೆಂದು ನುಂಗಿಸುವುದು ಘೋರ ಅಪಾಯ, ಗರ್ಭಕೋಶವೇ ಒಡೆಯಬಹುದು. ರಕ್ತಸ್ರಾವ ತಡೆಯಲು ಇದನ್ನು ಕೊಡುವುದು ಮಗು ಹುಟ್ಟಿದ ಮೇಲೆ, ಒಳಗೆ ಅವಳಿ ಮಗುವಿಲ್ಲವೆಂದು ಖಚಿತವಾದ ಮೇಲೆ, ತರಬೇತಾದವರ ಕೈಯಿಂದ. ಹೆರಿಗೆಗೆ ಆಸ್ಪತ್ರೆಯನ್ನೇ ಆರಿಸಿಕೊಳ್ಳಿರಿ. ಮನೆಗೆ ಬಂದ ಮೇಲೂ ಬಟ್ಟೆ ಬೇಗಬೇಗನೆ ತೊಯ್ಯುತ್ತಿದ್ದರೆ, ಬಾಣಂತಿ ಬೆವತು ತಲೆಸುತ್ತುತ್ತಿದೆ ಎಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿರಿ.