ಮನೆಗೂ ಒಂದು ಕಂಬಳಿ



ಬೇಸಿಗೆಯ ರಾತ್ರಿ ಊಟವಾದ ಮೇಲೆ ಪಟ್ಟನಾಯಕನಹಳ್ಳಿಯ ಬೀದಿಗಳಲ್ಲಿ ಒಂದು ಸುತ್ತು ಬನ್ನಿ. ಕಟ್ಟಿ ಎರಡು ಮೂರು ವರ್ಷವೂ ಆಗದ ಹೊಸ ಮನೆಯವರು ಜಗಲಿಯ ಮೇಲೆ, ಅಂಗಳದ ಮಂಚದ ಮೇಲೆ ಮಲಗಿರುತ್ತಾರೆ. ಒಳಗೆ ಫ್ಯಾನು ತಿರುಗುತ್ತಿದ್ದರೂ ಅದರ ಕೆಳಗೆ ಮನುಷ್ಯರಿಲ್ಲ. ಪಕ್ಕದಲ್ಲಿ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮನೆಯೊಂದು ಉಳಿದಿದ್ದರೆ, ಅದರ ನಡುಮನೆಯಲ್ಲಿ ಮುದುಕರು ನಿಶ್ಚಿಂತೆಯಾಗಿ ನಿದ್ರೆ ಮಾಡುತ್ತಿರುತ್ತಾರೆ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಮಲಗಲಾಗದು, ಇಂದೋ ನಾಳೆಯೋ ಬೀಳುವಂತಿರುವ ಮನೆಯಲ್ಲಿ ಮಲಗಬಹುದು ಎಂದರೆ ಇದರಲ್ಲಿ ವಿಚಾರ ಮಾಡತಕ್ಕ ಸಂಗತಿ ಏನೋ ಇದೆ.

ಮೊದಲು ಕಂಬಳಿಯ ಮಾತು. ಚಳಿಗೆ ಕಂಬಳಿ ಹೊದ್ದರೆ ಬೆಚ್ಚಗಾಗುತ್ತದೆ. ಹಾಗೆಂದು ಕಂಬಳಿಯಲ್ಲಿ ಬೆಂಕಿ ಇದೆಯೇ? ಇಲ್ಲ. ಅದೇ ಕಂಬಳಿಯನ್ನು ಕುರಿ ಕಾಯುವವರು ಸುಡುಬಿಸಿಲಿನಲ್ಲಿಯೂ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಮಂಜುಗಡ್ಡೆ ಮಾರುವವನು ಗಡ್ಡೆಗೆ ಹೊಟ್ಟು ಸುರಿದು ಗೋಣಿ ಸುತ್ತುತ್ತಾನೆ. ಉಣ್ಣೆಯ ಎಳೆಗಳ ನಡುವೆ, ಹೊಟ್ಟಿನ ಕಾಳುಗಳ ನಡುವೆ ಗಾಳಿ ಅಲುಗಾಡದೆ ಸಿಕ್ಕಿಕೊಂಡಿರುತ್ತದೆ. ಹೀಗೆ ನಿಂತ ಗಾಳಿಯ ಮೂಲಕ ಕಾವು ಬಹಳ ನಿಧಾನವಾಗಿ ದಾಟುತ್ತದೆ. ಒಳಗಿನ ಕಾವನ್ನು ಹೊರಗೆ ಬಿಡದು, ಹೊರಗಿನದನ್ನು ಒಳಗೆ ಬಿಡದು. ಮನೆಗೆ ಇಂತಹ ತಡೆಯನ್ನು ಒದಗಿಸುವುದಕ್ಕೇ ಶಾಖದ ತಡೆ ಎನ್ನುತ್ತಾರೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಹಾಕಿ ವರ್ಷಗಟ್ಟಲೆ ಕೆಡದಂತೆ ಇಡುತ್ತಿದ್ದುದರಲ್ಲಿಯೂ ಈ ಗುಟ್ಟಿನ ಒಂದು ಪಾಲು ಇತ್ತು. ನೆಲದ ಮೇಲೆ ಬಿಸಿಲು ಚಳಿ ಏನೇ ಆಗಲಿ, ಆಳದ ಮಣ್ಣಿನಲ್ಲಿ ಹವೆ ಹೆಚ್ಚು ಏರುವುದಿಲ್ಲ, ಇಳಿಯುವುದಿಲ್ಲ.

ಕಾವು ಎಲ್ಲಿಂದ ಬರುತ್ತದೆ?

ಅನೇಕರು ಗೋಡೆಯನ್ನು ಬೈಯುತ್ತಾರೆ, ಕಿಟಕಿ ಸಾಲದು ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ನಮ್ಮ ಸೀಮೆಯಲ್ಲಿ ದೊಡ್ಡ ಬಾಗಿಲು ತೆರೆದಿರುವುದು ತಲೆಯ ಮೇಲೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಮೇಲೆ ಸೂರ್ಯನು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಒಮ್ಮೆ ಮತ್ತು ಆಗಸ್ಟ್ ನಡುವಿನಲ್ಲಿ ಒಮ್ಮೆ, ನೆಟ್ಟನೆ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡವಾದರೂ ಇರುತ್ತದೆ, ಏಪ್ರಿಲ್‌ನಲ್ಲಿ ಅದೂ ಇಲ್ಲ. ಆ ದಿನಗಳ ಮಧ್ಯಾಹ್ನ ಗೋಡೆಗೆ ಬಿಸಿಲು ತಾಕುವುದೇ ಇಲ್ಲವೆನ್ನಬಹುದು. ಬೀಳುವುದೆಲ್ಲ ಸೂರಿನ ಮೇಲೆಯೇ.

ಎಷ್ಟು ಬೀಳುತ್ತದೆ? ಶುಭ್ರವಾದ ಬೇಸಿಗೆಯ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವಾಟ್. ಇದು ಒಂದು ಇಸ್ತ್ರಿ ಪೆಟ್ಟಿಗೆಯ ಕಾವು. ಇಪ್ಪತ್ತಕ್ಕೆ ಮೂವತ್ತು ಅಡಿಯ ಸೂರು ಸುಮಾರು 55 ಚದರ ಮೀಟರ್ ಆಗುತ್ತದೆ. ಐವತ್ತೈದು ಇಸ್ತ್ರಿ ಪೆಟ್ಟಿಗೆಗಳನ್ನು ಮಾಳಿಗೆಯ ಮೇಲೆ ಸಾಲಾಗಿ ಇಟ್ಟು ಉರಿಸಿದಂತೆ! ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ ಸೌರ ವಿದ್ಯುತ್ ಪಾರ್ಕು 2019ರ ಹೊತ್ತಿಗೆ 2050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದದ್ದು ಈ ಬಿಸಿಲನ್ನು ನಂಬಿಯೇ. ಅಲ್ಲಿ ಬಿಸಿಲಿಗೆ ಬೆಲೆ ಬರುತ್ತದೆ. ನಮ್ಮ ಸೂರಿನ ಮೇಲೆ ಅದೇ ಬಿಸಿಲು ನಿದ್ದೆ ಕೆಡಿಸುತ್ತದೆ.

ಹಳೆಯ ಮಾಳಿಗೆ ಇದನ್ನು ಹೇಗೆ ತಾಳಿತು ಎಂಬುದನ್ನು ನೋಡಿ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಡ್ಡಿ ಮತ್ತು ಸೊಪ್ಪುಸದೆ, ಅದರ ಮೇಲೆ ದಪ್ಪನಾದ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಕರಲು ಮಣ್ಣು. ಸೊಪ್ಪುಸದೆಯಲ್ಲಿ ನಿಂತ ಗಾಳಿ, ಮೇಲೆ ಕಾವನ್ನು ಹೀರಿ ತಡಮಾಡುವ ಮಣ್ಣಿನ ಹೊರೆ. ಮಧ್ಯಾಹ್ನದ ಕಾವು ಒಳಗೆ ಇಳಿಯುವಷ್ಟರಲ್ಲಿ ಹೊರಗೆ ರಾತ್ರಿಯ ತಂಪು ಬಂದಿರುತ್ತಿತ್ತು. ಒಂದೂವರೆ ಅಡಿಯ ಮಣ್ಣಿನ ಗೋಡೆಯನ್ನು ದಾಟಲು ಕಾವಿಗೆ ಹೆಚ್ಚುಕಡಿಮೆ ಅರ್ಧ ದಿನ ಬೇಕು. ತಗಡಿಗೆ ಕ್ಷಣವೂ ಬೇಡ. ನಾಲ್ಕೈದು ಅಂಗುಲದ ಕಾಂಕ್ರೀಟು ಹಗಲೆಲ್ಲ ಕಾದು, ನಾವು ಹೊಲದಿಂದ ಬಂದು ಚಾಪೆ ಹಾಸುವ ಹೊತ್ತಿಗೆ ಸರಿಯಾಗಿ ಒಳಕ್ಕೆ ಉಗುಳತೊಡಗುತ್ತದೆ. ಒಣಹುಲ್ಲಿನ ಹೊದಿಕೆಯಾದರೆ, ಅಷ್ಟೇ ದಪ್ಪದ ಕಾಂಕ್ರೀಟು ಬಿಡುವ ಕಾವಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲನ್ನು ಮಾತ್ರ ಬಿಡುತ್ತದೆ.

ಇಷ್ಟು ಹೇಳಿದ್ದಕ್ಕೆ ಎಲ್ಲರೂ ಮಣ್ಣಿನ ಮಾಳಿಗೆಗೆ ಹಿಂದಿರುಗಿ ಎಂದು ಅರ್ಥವಲ್ಲ. 2022ರಂತಹ ಮಳೆಯ ವರ್ಷದಲ್ಲಿ ಹಳೆಯ ಮಣ್ಣಿನ ಮನೆಯೊಳಗೆ ಮಲಗಿ ಜಂತೆಯ ಸದ್ದು ಕೇಳಿದವರಿಗೆ ಮಾಳಿಗೆಯ ಹೊಗಳಿಕೆ ರುಚಿಸದು. ಗೆದ್ದಲು, ಸೋರಿಕೆ, ವರ್ಷವರ್ಷವೂ ಮಣ್ಣು ಹೊರುವ ಕೆಲಸ ಇವೆಲ್ಲ ನಿಜ. ಮನೆ ಬದಲಾಯಿಸಿದ್ದು ತಪ್ಪಲ್ಲ. ಮಾಳಿಗೆಯ ಜೊತೆಗೆ ಅದರ ತಡೆಯನ್ನೂ ಇಳಿಸಿ, ಅದಕ್ಕೆ ಬದಲು ಏನನ್ನೂ ಇಡದೆ ಹೋದದ್ದು ತಪ್ಪು.

ತಡೆ ಬೇಕೆಂಬ ಗುರುತುಗಳು

ಸಂಜೆ ಏಳು ಗಂಟೆಗೆ ಸ್ಟೂಲಿನ ಮೇಲೆ ನಿಂತು ಒಳಗಿನಿಂದ ಸೂರಿಗೆ ಅಂಗೈ ಒತ್ತಿ. ಗೋಡೆಗಿಂತ ಸೂರು ಸ್ಪಷ್ಟವಾಗಿ ಬಿಸಿಯಾಗಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ಫ್ಯಾನು ಹಾಕಿದೊಡನೆ ಬಿಸಿಗಾಳಿ ಬಂದರೂ ಅದೇ ಅರ್ಥ. ಫ್ಯಾನು ಗಾಳಿಯನ್ನು ತಂಪು ಮಾಡುವ ಯಂತ್ರವಲ್ಲ, ಸೂರಿನ ಕೆಳಗೆ ಕಾದು ನಿಂತ ಗಾಳಿಯನ್ನು ನಮ್ಮ ಮೈಮೇಲೆ ನೂಕುವುದಷ್ಟೇ ಅದರ ಕೆಲಸ. ದೋಸೆ ಹಿಟ್ಟು ಬೆಳಗಿನವರೆಗೆ ತಾಳದೆ ರಾತ್ರಿಯೇ ಉಕ್ಕಿ ಹುಳಿಯಾಗುವುದನ್ನು ಹೆಂಗಸರು ನಮಗಿಂತ ಮೊದಲೇ ಗಮನಿಸಿರುತ್ತಾರೆ.

ಆರ್‌ಸಿಸಿ ಮನೆಗಳಲ್ಲಿ ಸೂರು ಗೋಡೆಯನ್ನು ಕೂಡುವ ಕಡೆ ಅಡ್ಡಲಾಗಿ ಒಂದು ಗೆರೆ ಬಿರುಕು ಕಾಣುತ್ತದೆ. ಗಾರೆಯವನ ಕೈವಾಡ ಎಂದು ಜಗಳ ತೆಗೆಯುವ ಮೊದಲು ವಿಚಾರ ಮಾಡಿ. ಹಗಲು ಕಾದು ಹಿಗ್ಗಿ, ರಾತ್ರಿ ಆರಿ ಕುಗ್ಗುವ ಸೂರು ಗೋಡೆಯನ್ನು ಎಳೆದಾಡಿದ್ದರಿಂದಲೂ ಅದು ಬರುತ್ತದೆ. ತಗಡಿನ ಮನೆಯಲ್ಲಿ ಬೆಳಿಗ್ಗೆ ಬಿಸಿಲೇರುವಾಗ ಕೇಳುವ ಟಕ್ ಟಕ್ ಸದ್ದೂ ಇದೇ ಹಿಗ್ಗುವಿಕೆಯದು.

ಚಳಿಗಾಲದ ಗುರುತುಗಳೂ ಇವೆ. ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಒಂದೇ ಗೂಡಿನ ಎಣ್ಣೆ ಬೆಳಿಗ್ಗೆ ಕಲ್ಲಾಗಿ, ಮಧ್ಯಾಹ್ನ ನೀರಾಗಿ, ಮರುದಿನ ಮತ್ತೆ ಕಲ್ಲಾಗುತ್ತಿದ್ದರೆ ಆ ಮನೆ ಹೊರಗಿನ ಹವೆಯ ಕೈಗೊಂಬೆಯಾಗಿದೆ. ಪುಷ್ಯಮಾಸದ ಬೆಳಗಿನ ಜಾವ ತಗಡಿನ ಒಳಮೈಯಿಂದ ಹನಿ ಉದುರಿ ಹಾಸಿಗೆ ನೆನೆಯುವುದನ್ನು ಸೋರಿಕೆ ಎಂದು ತಿಳಿಯಬೇಡಿ. ಅದು ನಮ್ಮದೇ ಉಸಿರಿನ ಆವಿ, ತಣ್ಣಗಾದ ತಗಡಿಗೆ ತಾಕಿ ನೀರಾಗಿದೆ.

ಸಂಶಯವಿರುವವರು ಖರ್ಚಿಲ್ಲದ ಪರೀಕ್ಷೆಯೊಂದನ್ನು ಮಾಡಬಹುದು. ಎರಡು ಕೋಣೆಯ ಮನೆಯಾದರೆ ಒಂದು ಕೋಣೆಯ ಸೂರಿನ ಮೇಲೆ ಮಾತ್ರ ತೆಂಗಿನ ಗರಿಗಳನ್ನು ದಪ್ಪವಾಗಿ ಹಾಸಿ ಮೂರು ದಿನ ಬಿಡಿ. ನಾಲ್ಕನೆಯ ರಾತ್ರಿ ಮಕ್ಕಳು ಯಾವ ಕೋಣೆಗೆ ಚಾಪೆ ಎಳೆದುಕೊಂಡು ಹೋಗುತ್ತಾರೆ ಎಂದು ನೋಡಿ.

ನಷ್ಟ ಯಾರಿಗೆ?

ಗಟ್ಟಿ ಆಳು ಅಂಗಳದಲ್ಲಿ ಮಲಗಿ ರಾತ್ರಿ ಕಳೆಯಬಹುದು. ಬಾಣಂತಿ, ಹಸುಗೂಸು, ಹಾಸಿಗೆ ಹಿಡಿದ ಮುದುಕರು ಒಳಗೇ ಇರಬೇಕಾದವರು. ಮುದುಕರಿಗೆ ಬೆವರುವುದೂ ಕಡಮೆ, ಬಾಯಾರಿಕೆ ತಿಳಿಯುವುದೂ ಕಡಮೆ. 2010ರ ಮೇ ತಿಂಗಳಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ 46.8 ಡಿಗ್ರಿ ಬಿಸಿಲಾದಾಗ, ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1344 ಸಾವುಗಳು ಹೆಚ್ಚಾಗಿ ಸಂಭವಿಸಿದುವೆಂದು ಲೆಕ್ಕ ಹಾಕಿದರು. ಆ ಊರು 2013ರಲ್ಲಿ ಬಿಸಿಲಿನ ಮುನ್ನೆಚ್ಚರಿಕೆಯ ಯೋಜನೆ ಮಾಡಿಕೊಂಡಿತು, ಮುಂದೆ ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವ ಕೆಲಸವೂ ಅಲ್ಲಿ ನಡೆಯಿತು. ತೆಲಂಗಾಣ ಸರ್ಕಾರವು ತಂಪು ಸೂರಿಗಾಗಿಯೇ 2023ರಲ್ಲಿ ಒಂದು ನೀತಿಯನ್ನು ಹೊರಡಿಸಿತು.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯದೇ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಬಾಣಂತಿಯನ್ನೂ ಕೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ ಗಾಳಿಯ ಶೀತಕ್ಕೆ ಸಿಕ್ಕಿ ಆ ಕೂಸು ಉಳಿಯಲಿಲ್ಲ. ಎಳೆಗೂಸಿನ ಮೈ ದೊಡ್ಡವರ ಮೈಗಿಂತ ಬಹುಬೇಗ ಕಾವು ಕಳೆದುಕೊಳ್ಳುತ್ತದೆ. ಅದಕ್ಕೆ ತಡೆಯಿರುವ ಮನೆಯೇ ಎರಡನೆಯ ತಾಯಿಮಡಿಲು. ಹಟ್ಟಿಗಳ ಹಿರಿಯರು ಈ ಮಾತನ್ನು ಆಚಾರದ ಮಾತೆಂದು ಬದಿಗಿಡದೆ ಮೈಕಾವಿನ ಮಾತೆಂದು ಯೋಚಿಸಬೇಕೆಂದು ಬೇಡಿಕೊಳ್ಳುತ್ತೇವೆ.

ರೇಷ್ಮೆ ಸಾಕುವವರಿಗಂತೂ ಇದು ಕೈಗೆ ಬರುವ ದುಡ್ಡಿನ ಪ್ರಶ್ನೆ. ಚಾಕಿ ಹುಳುವಿಗೆ 27–28 ಡಿಗ್ರಿ, ದೊಡ್ಡ ಹುಳುವಿಗೆ 24–25 ಡಿಗ್ರಿ ಹವೆ ಹಿತ. ತಗಡಿನ ಶೆಡ್ಡಿನೊಳಗೆ ಏಪ್ರಿಲ್‌ನ ಮಧ್ಯಾಹ್ನ ಇದು ಎಲ್ಲಿ ಸಿಕ್ಕೀತು? ನಾಲ್ಕನೆಯ ಜ್ವರ ಎದ್ದ ಹುಳುವಿಗೆ ಸೆಖೆ ತಾಕಿದರೆ ಸಪ್ಪೆರೋಗ, ಹಾಲುತೊಂಡೆಗಳು ಹೆಚ್ಚುತ್ತವೆ, ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ. ಮಿಶ್ರತಳಿಯ ಹಸುವೂ ಸೆಖೆಯಲ್ಲಿ ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ.

ಮಾಡಬೇಕಾದದ್ದು

ಆರ್‌ಸಿಸಿ ಸೂರಿಗೂ ಕಲ್ಲುಚಪ್ಪಡಿಯ ಸೂರಿಗೂ ಎಲ್ಲಕ್ಕಿಂತ ಅಗ್ಗವಾದುದು ಸುಣ್ಣ. ಸರಿಯಾಗಿ ಹೇಳಬೇಕೆಂದರೆ ಇದು ಕಂಬಳಿಯಲ್ಲ, ಕೊಡೆ. ಕಾವನ್ನು ಹೀರುವ ಮೊದಲೇ ಹಿಂದಕ್ಕೆ ಕಳಿಸುತ್ತದೆ. ಹಳೆಯ ಕಪ್ಪು ಕಾಂಕ್ರೀಟು ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ನುಂಗಿದರೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಮುಕ್ಕಾಲು ಪಾಲಿನಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಸೂರನ್ನು ಗುಡಿಸಿ ತೊಳೆದು, ಅರಳಿಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಅಂಟು ಕದಡಿ, ಮಜ್ಜಿಗೆಯ ಹದಕ್ಕೆ ತಂದು, ಒಂದು ಬಳಿತ ಆರಿದ ಮೇಲೆ ಇನ್ನೊಂದು ಬಳಿಯಬೇಕು. ಕಣ್ಣಿಗೆ ಸಿಡಿಯದಂತೆ ಜೋಪಾನ. ದೂಳು ಕೂತು ಬಿಳುಪು ಮಾಸುವುದರಿಂದ ಪ್ರತಿವರ್ಷವೂ ಮಾಡತಕ್ಕದ್ದು. ನಮ್ಮ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದರಿಂದ ಸೂರಿನ ಮಳೆನೀರನ್ನು ಕುಡಿಯಲು ಹಿಡಿಯುವವರಿದ್ದಾರೆ. ಅವರು ಮೊದಲ ಎರಡು ಮಳೆಯ ನೀರನ್ನು ತೊಟ್ಟಿಗೆ ಬಿಡಬಾರದು.

ತಗಡಿಗೆ ಸುಣ್ಣ ಅಂಟಿ ನಿಲ್ಲುವುದಿಲ್ಲ, ಹೊಪ್ಪಳೆ ಏಳುತ್ತದೆ. ಅದಕ್ಕೆ ಗರಿಯೇ ಸರಿ. ತಗಡಿನ ಮೇಲೆ ನೇರವಾಗಿ ಹಾಸುವುದಕ್ಕಿಂತ ಬಿದಿರು ಗಳ ಕಟ್ಟಿ ಒಂದು ಗೇಣು ಎತ್ತರದಲ್ಲಿ ಹಾಸಿದರೆ ನಡುವೆ ಗಾಳಿಯಾಡಿ ಎರಡು ಪಟ್ಟು ಅನುಕೂಲ. ಬಿರುಗಾಳಿಗೆ ಹಾರದಂತೆ ಹಗ್ಗ ಬಿಗಿಯಿರಿ. ಅಡುಗೆಮನೆಯ ಹೊಗೆ ಹೋಗುವ ಕಡೆ, ಕರೆಂಟು ತಂತಿಯ ಕೆಳಗೆ ಹಾಸಲೇಬೇಡಿ. ಸೋರೆ, ಕುಂಬಳ, ಅವರೆ ಬಳ್ಳಿ ಹಬ್ಬಿಸುವ ಹಳೆಯ ಪದ್ಧತಿ ತಂಪನ್ನೂ ಕೊಡುತ್ತದೆ, ಸಾರಿಗೂ ಆಗುತ್ತದೆ. ಒಳಗೆ, ತಗಡಿನಿಂದ ಒಂದಡಿ ಕೆಳಗೆ ಬಿದಿರಿನ ಚಾಪೆಯನ್ನು ಅಟ್ಟದಂತೆ ಕಟ್ಟಿ, ಎರಡು ಕೊನೆಗಳಲ್ಲಿ ಬಿಸಿಗಾಳಿ ಹೊರಹೋಗಲು ಕಿಂಡಿ ಬಿಟ್ಟರೆ ಚಳಿಗಾಲದ ಹನಿಯೂ ಹಾಸಿಗೆಗೆ ಬೀಳದು. ಥರ್ಮಾಕೋಲ್ ಅಗ್ಗವೆಂದು ಅಂಟಿಸುವವರು ಅದು ಬೇಗ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆಂಬುದನ್ನು ತಿಳಿದಿರಬೇಕು. ಆಸ್ಬೆಸ್ಟಾಸ್ ಶೀಟನ್ನಂತೂ ಕೊರೆಯುವುದು, ಒಡೆಯುವುದು, ಉಜ್ಜುವುದು ಬೇಡ. ಅದರ ದೂಳು ಶ್ವಾಸಕೋಶಕ್ಕೆ ಸೇರಿ ಬಹಳ ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲುದು.

ಆರ್‌ಸಿಸಿಯ ಮೇಲೆ ಅಜ್ಜನ ಮಾಳಿಗೆಯಂತೆ ಮಣ್ಣು ಸುರಿಯುವ ಯೋಚನೆ ಕೆಲವರಿಗೆ ಬರುತ್ತದೆ. ಅರ್ಧ ಅಡಿ ದಪ್ಪದ ಹಸಿಮಣ್ಣು ಚದರಡಿಗೆ ಸುಮಾರು 25 ಕಿಲೋ ತೂಗುತ್ತದೆ. ಇಪ್ಪತ್ತು–ಮೂವತ್ತರ ಸೂರಿಗೆ ಹದಿನೈದು ಟನ್ನು! ಇಂಜಿನಿಯರನ್ನು ಕೇಳದೆ ಈ ಸಾಹಸ ಬೇಡ. ಅದಕ್ಕಿಂತ ಚಿಕ್ಕ ಮಣ್ಣಿನ ಕುಡಿಕೆಗಳನ್ನು ಬೋರಲಾಗಿ ಜೋಡಿಸಿ, ಸಂದಿಗೆ ಇಟ್ಟಿಗೆ ಚೂರು ಸುಣ್ಣದ ಗಾರೆ ತುಂಬುವ ಕ್ರಮ ಹಗುರ. ಕುಡಿಕೆಯೊಳಗಿನ ಗಾಳಿಯೇ ತಡೆ. ಇದಕ್ಕೂ ತೂಕದ ಲೆಕ್ಕ ಹಾಕಿಸಿಕೊಳ್ಳುವುದು ಕ್ಷೇಮ.

ಹೊಸದಾಗಿ ಕಟ್ಟುವವರಿಗೆ ಇನ್ನೂ ಹೆಚ್ಚು ಅವಕಾಶವಿದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ಅಳತೆ ಹೇಳಿತು. ಇಷ್ಟು ಚಿಕ್ಕ ಮನೆಯಲ್ಲಿ ಸೂರಿನ ಕಾವಿಗೆ ತಪ್ಪಿಸಿಕೊಳ್ಳಲು ಮೂಲೆಯೂ ಇರದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ತೆರೆದು, ನಮ್ಮದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಗೆ ಒಗ್ಗುವ ಒಲೆ, ಮನೆಗಳ ಕೆಲಸ ನಡೆಸಿದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆ ಮಳೆಗೆ ಕರಗುವುದಿಲ್ಲ, ಸುಡಲು ಸೌದೆಯೂ ಬೇಡ ಎಂದು ಅವರು ತೋರಿಸಿಕೊಟ್ಟರು. ಕೇರಳದಲ್ಲಿ ಲಾರಿ ಬೇಕರ್ ಅವರು ಸೂರಿನ ಕಾಂಕ್ರೀಟಿನ ಕೆಳಪದರದಲ್ಲಿ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಯಾಗಿ ಹುದುಗಿಸುವ ಕ್ರಮವನ್ನು ಬಳಕೆಗೆ ತಂದರು. ಕಾಂಕ್ರೀಟು ಉಳಿಯುತ್ತದೆ, ಹೆಂಚುಗಳ ನಡುವೆ ಗಾಳಿ ನಿಲ್ಲುತ್ತದೆ.

ಪಡುವಣ ಗೋಡೆಗೆ ಹೊಂಗೆಯ ನೆರಳು ಬರುವಂತೆ ಗಿಡ ನೆಡುವುದು, ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುವುದು ಎಲ್ಲರಿಗೂ ತಿಳಿದದ್ದೇ.

ಸುಣ್ಣ ಬಳಿಯಲು ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳು ತಕ್ಕವು. ಹಬ್ಬಕ್ಕೆಂದು ಹೇಗೂ ಗೋಡೆಗೆ ಸುಣ್ಣ ಕಲಸುತ್ತೇವೆ. ಈ ಸಲ ಇನ್ನೆರಡು ಬಕೆಟ್ ಹೆಚ್ಚಾಗಿ ಕಲಸಿ ಏಣಿ ಹಾಕಿ ಮೇಲಕ್ಕೆ ಒಯ್ಯಿರಿ. ಬೆಳಗಿನ ಒಂಬತ್ತರೊಳಗೆ ಮುಗಿಸಿ ಇಳಿಯಿರಿ, ಬಿಸಿಲೇರಿದರೆ ಬಿಳಿ ಸೂರಿನ ಹೊಳಪಿಗೆ ಕಣ್ಣು ಬಿಡಲಾಗದು.