ಕಛೇರಿಯ ಹಳೆಯ ಗಣಕಯಂತ್ರಕ್ಕೆ ಎರಡನೆಯ ಪರದೆ

ಶಾಲೆಯ ಕಛೇರಿಯೆಂದರೆ ಮಕ್ಕಳ ಹೆಸರುಗಳನ್ನು ಕಾಯುವ ಸ್ಥಳವು. ಪ್ರವೇಶದ ದಾಖಲೆ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರೂ ಜನ್ಮದಿನವೂ ಹೇಗೆ ಬರೆಯಲ್ಪಟ್ಟಿರುವವೋ, ಆಕೆಯ ನೌಕರಿ, ಪಾಸ್‌ಪೋರ್ಟು, ಪಿಂಚಣಿಗಳೆಲ್ಲ ಅದನ್ನೇ ಅನುಸರಿಸಿ ನಡೆಯುವವು. ಈಗ ಈ ಹೆಸರುಗಳು ಕಾಗದದಿಂದ ಗಣಕಯಂತ್ರಕ್ಕೆ ಸಾಗುತ್ತಲಿವೆ. ಕರ್ನಾಟಕದ ಸ್ಯಾಟ್ಸ್ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿನಿಗೂ ಒಂದು ಸಂಖ್ಯೆಯುಂಟು. ಕೇಂದ್ರ ಸರಕಾರದ ಯು-ಡೈಸ್ ಪ್ಲಸ್‌ನಲ್ಲಿಯೂ ಅದೇ ವಿವರಗಳನ್ನು ತುಂಬಬೇಕು. ಆದಕಾರಣ ಈ ಬರವಣಿಗೆಯನ್ನು ತಪ್ಪಿಲ್ಲದೆ ಮಾಡಲು ನೆರವಾಗುವ ಒಂದು ಸುಲಭ ಸಾಧನವನ್ನು ಕುರಿತು ಇಲ್ಲಿ ಪಾಠ ಹೇಳಬೇಕೆಂದಿರುವೆವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ರೋಣ, ನರಗುಂದ, ಗಜೇಂದ್ರಗಡಗಳ ಶಾಲೆ, ಬ್ಯಾಂಕು, ಸಹಕಾರಿ ಸಂಘಗಳಲ್ಲಿ ಕೆಲಸದಲ್ಲಿರುವರಾದ್ದರಿಂದ ಅವರಿಗೂ ಇದು ಉಪಯೋಗವಾದೀತು.

1. ಎರಡನೆಯ ಪರದೆಯು ಯಾತಕ್ಕೆ?

ಹಿಂದಿನ ಕಾಲದ ಕಛೇರಿಗಳಲ್ಲಿ ನಕಲು ಮಾಡುವಾಗ ಒಬ್ಬರು ಮೂಲವನ್ನು ಓದುವರು, ಇನ್ನೊಬ್ಬರು ಬರೆಯುವರು. ಬರೆದ ಮೇಲೆ ನಕಲನ್ನು ಓದಿ ಮೂಲದೊಡನೆ ತಾಳೆ ನೋಡುವರು. ಈಗ ಚಿಕ್ಕ ಊರಿನ ಕಛೇರಿಯಲ್ಲಿ ಬಹುಶಃ ಒಬ್ಬರೇ ಗುಮಾಸ್ತರು. ಹಳೆಯ ಪುಸ್ತಕದ ಪುಟವು ಸ್ಕ್ಯಾನ್ ಆಗಿ ಯಂತ್ರದೊಳಗಿದ್ದರೆ, ಒಂದೇ ಪರದೆಯ ಮೇಲೆ ಪುಟವನ್ನು ತೆರೆದಾಗ ನಮೂನೆಯು ಮರೆಯಾಗುವದು, ನಮೂನೆಯನ್ನು ತೆರೆದಾಗ ಪುಟವು ಮರೆಯಾಗುವದು. ನಡುವೆ ಹೆಸರನ್ನು ನೆನಪಿನಲ್ಲಿ ಹೊತ್ತುಕೊಂಡು ಹೋಗಬೇಕು. ತಪ್ಪು ನುಸಿಯುವದು ಆ ಸಂದಿನಲ್ಲಿಯೇ.

ನಮ್ಮ ಪ್ರಾಂತದ ದಾಖಲೆಗಳಲ್ಲಿ ಇಂಥ ಸಂದುಗಳು ಬಹಳ. ಪುಸ್ತಕದಲ್ಲಿ "ಶಾಂತವ್ವ" ಎಂದಿದ್ದದ್ದು ನಮೂನೆಯಲ್ಲಿ "ಶಾಂತಾ" ಎಂದಾದರೆ ಒಬ್ಬಳೇ ಹುಡುಗಿಯು ಕಾಗದಗಳಲ್ಲಿ ಇಬ್ಬರಾಗುವಳು. ಕನ್ನಡ ಅಂಕಿಗಳಲ್ಲಿ ಬರೆದ ತಾರೀಖುಗಳಲ್ಲಿ ೬ ಯಾವದು, ೯ ಯಾವದು ಎಂಬದನ್ನು ಎರಡು ಸಾರಿ ನೋಡಬೇಕಾಗುವದು. ಊರಿನ ವಿಷಯವೂ ಹಾಗೆಯೇ. ಗದಗ ಜಿಲ್ಲೆಯು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ಗಜೇಂದ್ರಗಡವು ರೋಣದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾದದ್ದು 2018ರ ಸುಮಾರಿಗೆ. ಆದ್ದರಿಂದ ತಾಯಿಯ ದಾಖಲೆಯಲ್ಲಿ "ರೋಣ ತಾಲೂಕು, ಧಾರವಾಡ ಜಿಲ್ಲೆ" ಎಂದೂ, ಅದೇ ಮನೆಯ ಮಗಳ ದಾಖಲೆಯಲ್ಲಿ "ಗಜೇಂದ್ರಗಡ ತಾಲೂಕು, ಗದಗ ಜಿಲ್ಲೆ" ಎಂದೂ ಇರಬಹುದು, ಎರಡೂ ಸರಿಯೇ. ಎಡಗಡೆಯ ಪರದೆಯಲ್ಲಿ ಮೂಲ, ಬಲಗಡೆಯದರಲ್ಲಿ ನಕಲು ಇದ್ದರೆ ಕಣ್ಣು ಒಂದು ಕ್ಷಣದಲ್ಲಿ ಎರಡನ್ನೂ ಕೂಡಿಸಿ ನೋಡುವದು.

2. ಮೊದಲು ಯಂತ್ರದ ಬೆನ್ನನ್ನು ನೋಡಬೇಕು

ಎರಡು ಪರದೆಗಳೆಂದ ಕೂಡಲೆ ಹೊಸ ಯಂತ್ರವೇ ಬೇಕೆಂದು ಹಲವರು ಭಾವಿಸುವರು. ಶಾಲೆಯ ಹಣವು ಪಾಲಕರು ಬೆವರಿಳಿಸಿ ಗಳಿಸಿದ ಹಣವಾದ್ದರಿಂದ, ಅಂಗಡಿಗೆ ಹೋಗುವ ಮುಂಚೆ ಇದ್ದದ್ದನ್ನು ಪರೀಕ್ಷಿಸುವದು ನಮ್ಮ ಧರ್ಮವು. ಯಂತ್ರದ ಹಿಂಬದಿಯಲ್ಲಿ ಪರದೆಗೆ ತಂತಿ ಸಿಕ್ಕಿಸುವ ಬಾಯಿಗಳನ್ನು ಎಣಿಸಬೇಕು. ಮೂರು ಸಾಲುಗಳಲ್ಲಿ ಹದಿನೈದು ತೂತುಗಳಿದ್ದು ಸಾಮಾನ್ಯವಾಗಿ ನೀಲಿ ಬಣ್ಣದ್ದಾಗಿರುವದು ವಿಜಿಎ. ಇದು 1987ರಲ್ಲಿ ಐಬಿಎಂ ಕಂಪನಿಯ ಯಂತ್ರಗಳೊಡನೆ ಬಂದದ್ದು. ಚಪ್ಪಟೆಯಾಗಿ ಕೆಳಗಿನ ಎರಡೂ ಮೂಲೆಗಳು ಒಳಕ್ಕೆ ಬಾಗಿರುವದು ಎಚ್‌ಡಿಎಂಐ. ಒಂದೇ ಮೂಲೆ ಕತ್ತರಿಸಿದಂತಿರುವದು ಡಿಸ್‌ಪ್ಲೇ ಪೋರ್ಟು.

ಕಛೇರಿಯ ಅನೇಕ ಹಳೆಯ ಯಂತ್ರಗಳಲ್ಲಿ ವಿಜಿಎಯ ಜೊತೆಗೆ ಇವುಗಳಲ್ಲೊಂದು ಇದ್ದೇ ಇರುವದು. 2011ರ ತರುವಾಯ ಬಂದ ಇಂಟೆಲ್ ಕೋರ್ ಯಂತ್ರಗಳಲ್ಲಿ ಹೆಚ್ಚಿನವು, ಬೇರೆ ಕಾರ್ಡಿಲ್ಲದೆಯೇ, ಎರಡು ಪರದೆಗಳನ್ನು ನಡಿಸಬಲ್ಲವು. ಹಾಗಿದ್ದರೆ ಬೇಕಾಗುವದು ಒಂದು ಪರದೆಯೂ ಒಂದು ತಂತಿಯೂ ಮಾತ್ರ. ಆದರೆ ಎಚ್‌ಡಿಎಂಐಯು ಅಂಕಿರೂಪದ ಸಂಕೇತವನ್ನು ಕೊಡುವದು, ವಿಜಿಎಗೆ ಅಲೆರೂಪದ್ದು ಬೇಕು. ಹಳೆಯ ವಿಜಿಎ ಪರದೆಯನ್ನು ಎಚ್‌ಡಿಎಂಐಗೆ ಕೂಡಿಸಬೇಕಾದರೆ ಬರಿಯ ತಂತಿ ಸಾಲದು. ಸಂಕೇತವನ್ನು ಬದಲಿಸುವ ಪರಿವರ್ತಕವೇ ಬೇಕು.

ಒಂದು ಎಚ್ಚರಿಕೆ: ಒಂದೇ ಬಾಯಿಗೆ ಕವಲು ತಂತಿಯನ್ನು ಹಾಕಿದರೆ ಎರಡು ಪರದೆಗಳಲ್ಲಿಯೂ ಒಂದೇ ಚಿತ್ರ ಕಾಣುವದಲ್ಲದೆ ಜಾಗವು ಹೆಚ್ಚುವದಿಲ್ಲ.

3. ಬಾಯಿಯು ಒಂದೇ ಇದ್ದರೆ

ಆಗ ಒಳಗೆ ಒಂದು ಸಣ್ಣ ಗ್ರಾಫಿಕ್ಸ್ ಕಾರ್ಡನ್ನು ಕೂಡ್ರಿಸಬೇಕು. ಪಿಸಿಐ ಎಕ್ಸ್‌ಪ್ರೆಸ್ ಎಂಬ ಉದ್ದನ್ನ ಸಂದು ಖಾಲಿಯಿದೆಯೇ ಎಂದು ನೋಡಿಕೊಳ್ಳತಕ್ಕದ್ದು. ಆಟಗಳಿಗಾಗಿ ಮಾಡಿದ ದೊಡ್ಡ ಕಾರ್ಡು ನಮಗೆ ಬೇಡ. ಎನ್‌ವಿಡಿಯಾದ ಜಿಟಿ 710ರಂಥ ಕಾರ್ಡು 19 ವ್ಯಾಟುಗಳಷ್ಟೇ ವಿದ್ಯುತ್ತನ್ನು ಬಳಸುವದರಿಂದ ಬೇರೆ ವಿದ್ಯುತ್ ತಂತಿಯಿಲ್ಲದೆ ಸಂದಿನಿಂದಲೇ ನಡೆಯುವದು. ತೆಳ್ಳನ್ನ ಪೆಟ್ಟಿಗೆಯ ಯಂತ್ರವಾದರೆ ಗಿಡ್ಡ ಪಟ್ಟಿಯ ಕಾರ್ಡನ್ನೇ ಕೇಳಿ ತರಬೇಕು. ಕಾರ್ಡು ಕೂತ ಮೇಲೆ ಕೆಲವು ಯಂತ್ರಗಳಲ್ಲಿ ಮೊದಲಿನ ಬಾಯಿಯು ತಾನಾಗಿ ಮುಚ್ಚಿಹೋಗುವದು. ಆದ್ದರಿಂದ ಎರಡು ಬಾಯಿಗಳುಳ್ಳ ಕಾರ್ಡನ್ನು ತಂದು ಎರಡೂ ಪರದೆಗಳನ್ನು ಅದಕ್ಕೇ ಕೂಡಿಸುವದು ನೆಟ್ಟಗೆ.

ಪೆಟ್ಟಿಗೆಯನ್ನು ಬಿಚ್ಚುವ ಮುಂಚೆ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಕೈಯಿಂದ ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ನಮ್ಮ ಎರೆನಾಡಿನ ಬೇಸಗೆಯ ಧೂಳು ಒಳಗಿನ ಫ್ಯಾನಿನಲ್ಲಿ ಸೇರಿಕೊಂಡಿರುವದು. ಅದನ್ನೂ ಅದೇ ವೇಳೆಗೆ ತೆಗೆಯಬೇಕು.

4. ಯಂತ್ರದ ಶಕ್ತಿಯೂ ಕ್ಷೇಮವೂ

ಎರಡನೆಯ ಪರದೆಯಿಂದ ನಿಧಾನದ ಯಂತ್ರವು ಚುರುಕಾಗುವದಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಅದನ್ನು 8ಕ್ಕೆ ಏರಿಸಬೇಕು. ಡಿಡಿಆರ್3 ಜಾತಿಯ ಸಂದಿಗೆ ಡಿಡಿಆರ್4 ಹೊಂದುವದಿಲ್ಲವೆಂಬದನ್ನು ಮರೆಯಬಾರದು. ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಯನ್ನು ಹಾಕಿದರೆ ಹಳೆಯ ಯಂತ್ರಕ್ಕೆ ಹೊಸ ಜೀವ ಬಂದಂತಾಗುವದು. ಎಲ್‌ಇಡಿ ಪರದೆಯೊಂದು ಸುಮಾರು 20 ವ್ಯಾಟುಗಳನ್ನು ಬಳಸುವದಾದ್ದರಿಂದ ಯುಪಿಎಸ್ಸಿಗೆ ದೊಡ್ಡ ಭಾರವಾಗದು. ಕರೆಂಟು ಹೋದಾಗ ದೊರೆಯುವ ನಿಮಿಷಗಳು ಮಾತ್ರ ಸ್ವಲ್ಪ ಕಡಿಮೆಯಾಗುವವು.

ಇನ್ನು ಕ್ಷೇಮದ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ನ್ನು ಬಹಳ ಹಳೆಯ ಯಂತ್ರಗಳು ಹೊರಲಾರವು. ಹುಡುಗಿಯರ ವಿವರಗಳಿರುವ ಯಂತ್ರವನ್ನು ರಕ್ಷಣೆಯಿಲ್ಲದೆ ಅಂತರ್ಜಾಲಕ್ಕೆ ಕೂಡಿಸಿಡುವದು ಬಾಗಿಲಿಲ್ಲದ ಮನೆಯಲ್ಲಿ ಮಲಗಿದಂತೆಯೇ ಸರಿ. ಇಂಥ ಯಂತ್ರಗಳಿಗೆ ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಉಂಟು. ಕಾಸರಗೋಡಿನ ಕನ್ನಡ ಮಕ್ಕಳು ಓದುವ ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯವರ ಲಿನಕ್ಸೇ ಬಳಕೆಯಲ್ಲಿದೆ. ಅದರಲ್ಲಿಯೂ ಯುನಿಕೋಡ್ ಕನ್ನಡವನ್ನು ಬರೆಯಬಹುದು. ಎರಡು ಪರದೆಗಳೂ ಅದರಲ್ಲಿ ನಡೆಯುವವು.

5. ಪರದೆಗಳನ್ನು ಹೊಂದಿಸುವ ಕ್ರಮ

ವಿಂಡೋಸಿನಲ್ಲಿ ವಿಂಡೋಸ್ ಕೀಲಿಯನ್ನೂ ಪಿ ಕೀಲಿಯನ್ನೂ ಕೂಡಿ ಒತ್ತಿದರೆ ನಾಲ್ಕು ಆಯ್ಕೆಗಳು ತೋರುವವು. ಅವುಗಳಲ್ಲಿ ಎಕ್ಸ್‌ಟೆಂಡ್ ಎಂಬದನ್ನು ಆರಿಸಬೇಕು. ಮೇಜಿನ ಮೇಲೆ ಯಾವ ಪರದೆಯು ಎಡಕ್ಕಿದೆಯೋ ಯಂತ್ರದ ಸೆಟ್ಟಿಂಗಿನಲ್ಲಿಯೂ ಅದನ್ನೇ ಎಡಕ್ಕಿಡಬೇಕು. ಇಲ್ಲದಿದ್ದರೆ ಬಾಣವು ಒಂದು ಕಡೆಗೆ ಹೋದರೆ ಕೈಯು ಇನ್ನೊಂದು ಕಡೆಗೆ ಹುಡುಕುವದು. ಬರೆಯುವ ಪರದೆಯು ನೇರವಾಗಿ ಮುಖದೆದುರಿಗೂ, ಮೂಲವನ್ನು ತೋರಿಸುವದು ಅದರ ಮಗ್ಗುಲಲ್ಲಿ ಸ್ವಲ್ಪ ಓರೆಯಾಗಿಯೂ, ಎರಡೂ ಒಂದೇ ಎತ್ತರದಲ್ಲಿ ಒಂದು ತೋಳಿನಷ್ಟು ದೂರದಲ್ಲಿಯೂ ಇರತಕ್ಕದ್ದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿದ್ದರೆ ಕುತ್ತಿಗೆಗೆ ನೋವಾಗದು.

ಕಡೆಗೆ ಹೇಳುವದೇನಂದರೆ, ಪರದೆಗಳು ಎರಡಾದರೂ ತಾಳೆ ನೋಡುವ ಕಣ್ಣು ಮನುಷ್ಯರದೇ. ಉಳಿಸುವ ಗುಂಡಿಯನ್ನು ಒತ್ತುವ ಮುಂಚೆ ಹೆಸರನ್ನು ಅಕ್ಷರಕ್ಷರವಾಗಿ, ತಾರೀಖನ್ನು ಅಂಕಿ ಅಂಕಿಯಾಗಿ ಓದಬೇಕು. ಪಾಲಕರಲ್ಲಿ ನಮ್ಮ ಬಿನ್ನಹವೂ ಇದೇ: ಮಗಳ ಪ್ರವೇಶಕ್ಕೆ ಬಂದಾಗ ಅವಸರಪಡದೆ, ಆಕೆಯ ವಿವರವನ್ನು ಎರಡೂ ಪರದೆಗಳಲ್ಲಿ ತೋರಿಸಿರೆಂದು ಕೇಳಿರಿ. ಓದಬಲ್ಲ ತಾಯಿಯು ತಾನೇ ಓದಲಿ. ಓದಲಾರದ ತಾಯಿಗೆ ಗುಮಾಸ್ತರು ಓದಿ ಹೇಳಲಿ. ಅದಕ್ಕೆ ತಗಲುವ ಎರಡು ನಿಮಿಷವು ಮುಂದೆ ಆ ಮಗಳು ಕಛೇರಿಯಿಂದ ಕಛೇರಿಗೆ ಅಲೆಯುವ ಎಷ್ಟೋ ದಿವಸಗಳನ್ನು ಉಳಿಸುವದು.