ಸೂರ್ಯನು ಮುಳುಗದ ನಾಡಿನಲ್ಲಿ ರಾತ್ರಿಭೋಜನತ್ಯಾಗ



ನಮ್ಮ ಮನೆಗಳಲ್ಲಿ ಸಂಜೆಯ ಊಟಕ್ಕೆ ಗಡಿಯಾರ ನೋಡುವ ರೂಢಿ ಹಿಂದೆ ಇರಲಿಲ್ಲ. ಅಂಗಳದಲ್ಲಿ ನೆರಳು ಉದ್ದವಾದೊಡನೆ ಹಿರಿಯರು "ಹೊತ್ತಾಯಿತು, ಏಳಿ" ಎಂದು ಕರೆಯುತ್ತಿದ್ದರು. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಊಟ ಮುಗಿಯುತ್ತಿತ್ತು. ಸೂರ್ಯನೇ ವ್ರತದ ಕಾವಲುಗಾರನಾಗಿದ್ದನು.

ಪರಿಚಯದ ಶ್ರಾವಕ ಕುಟುಂಬವೊಂದರ ಮಗಳು ಬೆಳಗಾವಿಯಿಂದ ನಾರ್ವೆ ದೇಶದ ಟ್ರೋಮ್ಸೊ ನಗರಕ್ಕೆ ಉನ್ನತ ವ್ಯಾಸಂಗಕ್ಕಾಗಿ ಹೋದಳು. ಬಾಲ್ಯದಿಂದಲೂ ರಾತ್ರಿ ಉಣ್ಣದವಳು. ಮೊದಲ ಬೇಸಿಗೆಯಲ್ಲಿ ಅವಳು ದೂರವಾಣಿಯಲ್ಲಿ ತಾಯಿಯನ್ನು ಕೇಳಿದಳು: "ಅವ್ವಾ, ಇಲ್ಲಿ ಸೂರ್ಯ ಮುಳುಗುವುದೇ ಇಲ್ಲ. ನಾನು ಯಾವಾಗ ಊಟ ನಿಲ್ಲಿಸಲಿ?" ತಾಯಿಗೆ ಉತ್ತರ ತೋಚಲಿಲ್ಲ. ಆ ಪ್ರಶ್ನೆಯೇ ಇಂದಿನ ಪಾಠದ ವಿಷಯ.

1. ಆ ನಾಡಿನ ಬೇಸಿಗೆ

ಭೂಮಿಯ ಅಕ್ಷವು ಸುಮಾರು ಇಪ್ಪತ್ಮೂರುವರೆ ಡಿಗ್ರಿ ವಾಲಿದೆ. ಇದರಿಂದ ಜೂನ್ ತಿಂಗಳಲ್ಲಿ ಉತ್ತರ ಧ್ರುವದ ಭಾಗವು ಸೂರ್ಯನ ಕಡೆಗೆ ಬಾಗಿರುತ್ತದೆ. ಸುಮಾರು ಅರವತ್ತಾರೂವರೆ ಡಿಗ್ರಿ ಅಕ್ಷಾಂಶದ ಉತ್ತರಧ್ರುವ ವೃತ್ತದಿಂದ ಆಚೆಗೆ ವರ್ಷದಲ್ಲಿ ಕೆಲವು ದಿನಗಳಾದರೂ ಸೂರ್ಯನು ಮುಳುಗುವುದಿಲ್ಲ. ಬೆಳಗಾವಿಯಲ್ಲಿ ಅತಿ ದೀರ್ಘವಾದ ಹಗಲು ಸುಮಾರು 13 ಗಂಟೆ, ಅತಿ ಕಿರಿದಾದ ಹಗಲು 11 ಗಂಟೆಗಿಂತ ತುಸು ಹೆಚ್ಚು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಜೂನ್ ತಿಂಗಳ ಹಗಲು ಹದಿನೆಂಟೂವರೆ ಗಂಟೆಗಳನ್ನು ಮೀರುತ್ತದೆ. ಸೂರ್ಯನು ಮುಳುಗಿದ ಮೇಲೂ ಕತ್ತಲೆ ಪೂರ್ಣವಾಗಿ ಕವಿಯುವುದಿಲ್ಲ. ಟ್ರೋಮ್ಸೊ ನಗರದಲ್ಲಂತೂ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯನು ದಿಗಂತದ ಕೆಳಗೆ ಇಳಿಯುವುದೇ ಇಲ್ಲ. ನಡುರಾತ್ರಿ ಕಳೆದು ಮುಕ್ಕಾಲು ಗಂಟೆಯ ಹೊತ್ತಿಗೆ ಅವನು ಉತ್ತರ ದಿಕ್ಕಿನಲ್ಲಿ ಅತಿ ಕೆಳಗಿರುತ್ತಾನೆ. ಅಲ್ಲಿಂದ ಮತ್ತೆ ಮೇಲೇರುತ್ತಾನೆ.

ಅಲ್ಲಿಯ ಜನರಿಗೆ ಈ ಬೆಳಕು ಬಹು ಪ್ರಿಯವಾದುದು. ದೀರ್ಘವಾದ ಚಳಿಗಾಲವನ್ನು ಕಳೆದವರು ರಾತ್ರಿ 11 ಗಂಟೆಯಲ್ಲಿಯೂ ಹೊರಗೆ ತಿರುಗಾಡುತ್ತಾರೆ. ಹಿಮಸಾರಂಗಗಳನ್ನು ಸಾಕುವ ಸಾಮಿ ಜನರು ಬೇಸಿಗೆಯಲ್ಲಿ ಕರುಗಳಿಗೆ ಗುರುತು ಹಾಕುವ ಕೆಲಸವನ್ನು ತಂಪಾದ ರಾತ್ರಿಯ ವೇಳೆಯಲ್ಲಿ ಮಾಡುವುದುಂಟು. ಇದು ಆ ನಾಡಿಗೆ ಸಹಜವಾದ ಜೀವನ. ಅದನ್ನು ಹಳಿಯಲು ಕಾರಣವಿಲ್ಲ.

2. ನಿದ್ರೆ ಮತ್ತು ಬೆಳಕು

ಆದರೆ ಹೊರಗಿನಿಂದ ಹೋದವರಿಗೆ ಮೊದಲು ಕೆಡುವುದು ನಿದ್ರೆ. ಮೆದುಳಿನಲ್ಲಿರುವ ಪೀನಿಯಲ್ ಗ್ರಂಥಿಯು ಕತ್ತಲೆಯಾದಾಗ ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ ಶರೀರಕ್ಕೆ ರಾತ್ರಿಯ ಸೂಚನೆ ಕೊಡುತ್ತದೆ. 1958ರಲ್ಲಿ ಅಮೆರಿಕದ ವೈದ್ಯ ಆರನ್ ಲರ್ನರ್ ಮತ್ತು ಅವರ ಸಂಗಡಿಗರು ಈ ರಸವನ್ನು ಬೇರ್ಪಡಿಸಿದರು. ಕಣ್ಣಿಗೆ ಬೆಳಕು ಬೀಳುತ್ತಿದ್ದರೆ ಸ್ರಾವವು ತಡೆಯಲ್ಪಡುತ್ತದೆ. ನಿದ್ರೆ ಹಿಂದೆ ಸರಿಯುತ್ತದೆ. ನಿದ್ರೆ ಸರಿದಂತೆ ಹಸಿವೂ ಅಕಾಲದಲ್ಲಿ ಎಚ್ಚರಗೊಳ್ಳುತ್ತದೆ. ನಮ್ಮ ವಿದ್ಯಾರ್ಥಿನಿಯೂ ಮೊದಲ ವಾರಗಳಲ್ಲಿ ರಾತ್ರಿ ಒಂದು ಗಂಟೆಗೆ ಬಿಸಿಲಿನಲ್ಲಿ ಕುಳಿತು ಬ್ರೆಡ್ ತಿಂದದ್ದುಂಟು. "ಬಿಸಿಲಿದೆಯಲ್ಲ, ದೋಷವೇನು?" ಎಂದು ಮನಸ್ಸು ಹೇಳಿತು, ಆದರೂ ಸಮಾಧಾನವಾಗಲಿಲ್ಲ.

ಅಲ್ಲಿಯ ಮನೆಗಳಲ್ಲಿ ಇದಕ್ಕೆ ಸರಳವಾದ ಉಪಾಯವಿದೆ. ಮಲಗುವ ಕೋಣೆಯ ಕಿಟಕಿಗೆ ಬೆಳಕು ನುಸುಳದ ದಪ್ಪ ಪರದೆ ಇಳಿಬಿಡುತ್ತಾರೆ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಬೆಳಕನ್ನು ತಗ್ಗಿಸುವುದು, ದಿನವೂ ಒಂದೇ ವೇಳೆಗೆ ಮಲಗಿ ಒಂದೇ ವೇಳೆಗೆ ಏಳುವುದು, ಬೆಳಿಗ್ಗೆ ಎದ್ದೊಡನೆ ಬೆಳಕಿಗೆ ಮುಖವೊಡ್ಡುವುದು, ಇವೂ ಸಹಾಯಕ. ಪ್ರಕೃತಿಯು ರಾತ್ರಿಯನ್ನು ಕೊಡದಿದ್ದಲ್ಲಿ ಮನುಷ್ಯನು ತಾನೇ ರಾತ್ರಿಯನ್ನು ಏರ್ಪಡಿಸಿಕೊಳ್ಳುತ್ತಾನೆ. ಈ ಮಾತನ್ನು ನೆನಪಿನಲ್ಲಿಡಬೇಕು. ವ್ರತದ ವಿಚಾರಕ್ಕೂ ಇದು ದಾರಿ ತೋರುತ್ತದೆ.

3. ವ್ರತದ ಅಭಿಪ್ರಾಯ

ರಾತ್ರಿಭೋಜನವನ್ನು ಏಕೆ ಬಿಡಬೇಕು? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ವಿಚಾರಿಸಿದ್ದಾರೆ. ಅಲ್ಲಿ ಎರಡು ಕಾರಣಗಳು ಕಾಣುತ್ತವೆ. ಮೊದಲನೆಯದು, ಸೂರ್ಯನ ಬೆಳಕಿಲ್ಲದೆ ಆಹಾರದಲ್ಲಿ ಬೀಳುವ ಸೂಕ್ಷ್ಮಜೀವಿಗಳನ್ನು ಕಾಣಲಾಗದು. ದೀಪ ಹಚ್ಚಿದರೂ ಹಿಂಸೆ ತಪ್ಪದು. ಎರಡನೆಯದು, ಹಗಲಿನ ಊಟಕ್ಕಿಂತ ರಾತ್ರಿಯ ಊಟದಲ್ಲಿ ರಾಗವು ಅಧಿಕ.

ನಡುರಾತ್ರಿಯ ಬಿಸಿಲಿನಲ್ಲಿ ಮೊದಲನೆಯ ಕಾರಣವು ಬಹುಮಟ್ಟಿಗೆ ಸಡಿಲವಾದಂತೆ ತೋರುತ್ತದೆ. ಪೂರ್ಣವಾಗಿ ಸಡಿಲವಾಯಿತೆಂದು ಹೇಳುವಂತಿಲ್ಲ. ಉತ್ತರದ ಲ್ಯಾಪ್‌ಲ್ಯಾಂಡಿನ ಜವುಗು ನೆಲದಲ್ಲಿ ಬೇಸಿಗೆ ಬಂತೆಂದರೆ ಸೊಳ್ಳೆಗಳೂ ಕಚ್ಚುವ ಕಿರುನೊಣಗಳೂ ಹಿಂಡುಹಿಂಡಾಗಿ ಏಳುತ್ತವೆ. ಅವುಗಳ ಕಾಟ ತಾಳದೆ ಹಿಮಸಾರಂಗಗಳು ಗಾಳಿ ಬೀಸುವ ಎತ್ತರಕ್ಕೂ ಕರಗದೆ ಉಳಿದ ಹಿಮದ ಮೇಲಕ್ಕೂ ಹೋಗಿ ನಿಲ್ಲುತ್ತವೆ. ಬೆಳಕಿದ್ದ ಮಾತ್ರಕ್ಕೆ ಎಚ್ಚರವನ್ನು ಬಿಡಲಾಗದು. ಎರಡನೆಯ ಕಾರಣವಂತೂ ಹಾಗೆಯೇ ನಿಲ್ಲುತ್ತದೆ, ಇನ್ನಷ್ಟು ಬಲವಾಗುತ್ತದೆ. ಮುಳುಗದ ಸೂರ್ಯನನ್ನು ನೆಪಮಾಡಿ ಇಪ್ಪತ್ನಾಲ್ಕು ಗಂಟೆಯೂ ಉಣ್ಣಬಹುದೆಂದರೆ ವ್ರತದ ಅಕ್ಷರ ಉಳಿದು ಸಂಯಮವು ಹೋಗುತ್ತದೆ.

4. ಮೇರೆಯನ್ನು ಹಾಕಿಕೊಳ್ಳುವ ಬಗೆ

ಹಾಗಾದರೆ ಮೇರೆ ಯಾವುದು? ತಾಯಿ-ಮಗಳು ಸೇರಿ ಮೂರು ದಾರಿಗಳನ್ನು ಯೋಚಿಸಿದರು.

ಆಕಾಶವನ್ನೇ ಅನುಸರಿಸುವುದು ಮೊದಲನೆಯದು. ಅದರಲ್ಲಿ ಮೇರೆಯೇ ಇಲ್ಲ.

ಊರಿನ ಸೂರ್ಯಾಸ್ತವನ್ನು ಅನುಸರಿಸುವುದು ಎರಡನೆಯದು. ಬೆಳಗಾವಿಯಲ್ಲಿ ಜೂನ್ ತಿಂಗಳ ಸೂರ್ಯಾಸ್ತ ಸಂಜೆ ಸುಮಾರು 7 ಗಂಟೆಗೆ. ಆಗ ನಾರ್ವೆಯಲ್ಲಿ ಮಧ್ಯಾಹ್ನ ಮೂರೂವರೆ. ಭಕ್ತಿಯಿಂದ ಇದನ್ನು ನಡೆಸುವವರು ನಡೆಸಲಿ. ಆದರೆ ತಾನಿರುವ ನೆಲದ ಹಗಲಿಗೂ ಈ ಮೇರೆಗೂ ಸಂಬಂಧವಿಲ್ಲ.

ಮೂರನೆಯದನ್ನು ತಾಯಿಯೇ ಹೇಳಿದಳು: "ಮುಳುಗದಿದ್ದರೆ ಬಿಡಲಿ. ಪಡುವಣಕ್ಕಾದರೂ ಬರುತ್ತಾನಷ್ಟೆ? ಅವನು ಪಡುವಣಕ್ಕೆ ಬರುವುದರೊಳಗೆ ಉಂಡು ಮುಗಿಸು." ಈ ಮಾತು ಲೆಕ್ಕಕ್ಕೂ ಸರಿಹೊಂದುತ್ತದೆ. ಜೂನ್ ಕೊನೆಯಲ್ಲಿ ಟ್ರೋಮ್ಸೊ ನಗರದ ಸೂರ್ಯನು ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ ನೇರ ಪೂರ್ವದಲ್ಲಿರುತ್ತಾನೆ; ಸಂಜೆ ಆರು ಗಂಟೆಯ ಸುಮಾರಿಗೆ ನೇರ ಪಶ್ಚಿಮಕ್ಕೆ ಬರುತ್ತಾನೆ. ಈ ಎರಡರ ನಡುವಣ ಸುಮಾರು 11 ಗಂಟೆಗಳು ನಮ್ಮ ಊರಿನ ಹಗಲಿಗೆ ಸಮೀಪವಾಗಿವೆ. ನಾರ್ವೆಯ ಜನರೂ ದಿನದ ಮುಖ್ಯ ಊಟವನ್ನು ಸಾಮಾನ್ಯವಾಗಿ ಸಂಜೆ ನಾಲ್ಕರಿಂದ ಆರರೊಳಗೆ ಮಾಡುವವರು. ಆದುದರಿಂದ ಹುಡುಗಿಗೆ ಸಂಗಡಿಗರೊಡನೆ ಉಣ್ಣಲು ಅಡ್ಡಿಯೂ ಆಗಲಿಲ್ಲ.

ಹೀಗೆ ತಾನೇ ಮೇರೆ ಹಾಕಿಕೊಳ್ಳುವುದು ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಭೋಗೋಪಭೋಗಪರಿಮಾಣವನ್ನು ಹೇಳುವಾಗ ಜೀವನಪರ್ಯಂತದ ತ್ಯಾಗಕ್ಕೆ ಯಮವೆಂದೂ ಕಾಲದ ಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಹೆಸರಿಟ್ಟಿದ್ದಾರೆ. ಹಗಲು, ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಮಿತಿಗಳನ್ನೂ ತಿಳಿಸಿದ್ದಾರೆ. ಉತ್ತರದ ಬೇಸಿಗೆಗೆ ಋತುನಿಯಮವು ಸಹಜವಾಗಿಯೇ ಒಪ್ಪುತ್ತದೆ.

5. ಚಳಿಗಾಲದ ಪರೀಕ್ಷೆ

ಈ ಕ್ರಮವು ಸರಿಯೇ ಎಂಬುದನ್ನು ಚಳಿಗಾಲವು ಪರೀಕ್ಷಿಸುತ್ತದೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಟ್ರೋಮ್ಸೊ ನಗರದಲ್ಲಿ ಸೂರ್ಯನು ಉದಯಿಸುವುದಿಲ್ಲ. ನಡುಹಗಲಿನಲ್ಲಿ ಕೆಲವು ಗಂಟೆ ಸಂಧ್ಯೆಯಂತಹ ಬೆಳಕು ಮಾತ್ರ. ಅಕ್ಷರವನ್ನೇ ಹಿಡಿದರೆ ಬೇಸಿಗೆಯಲ್ಲಿ ಸದಾ ಊಟ, ಚಳಿಗಾಲದಲ್ಲಿ ಸದಾ ಉಪವಾಸ ಎಂದಾಗುವುದು. ಎರಡೂ ವ್ರತವಲ್ಲ. ಚಳಿಗಾಲದಲ್ಲಿ ಆ ನಡುಹಗಲಿನ ಬೆಳಕಿನಲ್ಲಿಯೇ ಒಂದು ಊಟ ಮಾಡಿ, ಉಳಿದುದನ್ನು ಗಡಿಯಾರದ ಮೇರೆಯೊಳಗೆ ಶೋಧಿಸಿ ಉಣ್ಣುವುದು ಗೃಹಸ್ಥನಿಗೆ ಸಾಧ್ಯವಾದ ದಾರಿ.

ದಿಗಂಬರ ಮುನಿಗಳು ವಾಹನವೇರದೆ ಪಾದವಿಹಾರ ಮಾಡುವವರು. ಈ ಪ್ರಶ್ನೆ ಅವರನ್ನು ಮುಟ್ಟದು. ದೂರದೇಶಕ್ಕೆ ಹೋಗುವ ಶ್ರಾವಕನದೇ ಈ ಪ್ರಶ್ನೆ. ಪ್ರತಿಮಾಧಾರಿಗಳೂ ಗುರುಸಾಕ್ಷಿಯಾಗಿ ವ್ರತ ಪಡೆದವರೂ ಹೊರಡುವ ಮೊದಲೇ ಗುರುಗಳಲ್ಲಿ ನಿವೇದಿಸಿ ಅಪ್ಪಣೆ ಪಡೆಯಬೇಕು. ಈ ಲೇಖನವು ಅದಕ್ಕೆ ಬದಲಾಗದು.

ಆ ಹುಡುಗಿ ಈಗ ಸಂಜೆ ಆರಕ್ಕೆ ಮೊದಲೇ ಊಟ ಮುಗಿಸುತ್ತಾಳೆ. ಬಳಿಕ ಸಾಮಾಯಿಕಕ್ಕೆ ಕುಳಿತು, ಹತ್ತಕ್ಕೆ ಕಿಟಕಿಯ ಪರದೆ ಎಳೆಯುತ್ತಾಳೆ. ಹೊರಗೆ ಬಿಸಿಲು ಹಾಗೆಯೇ ಇರುತ್ತದೆ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ರಾತ್ರಿಭೋಜನತ್ಯಾಗಕ್ಕೆ ಹೇಳಿರುವ ಎರಡು ಕಾರಣಗಳಾವುವು? ನಡುರಾತ್ರಿಯ ಬಿಸಿಲಿನಲ್ಲಿ ಯಾವುದು ಪೂರ್ಣವಾಗಿ ಉಳಿಯುತ್ತದೆ?
2. ಯಮಕ್ಕೂ ನಿಯಮಕ್ಕೂ ಇರುವ ಭೇದವೇನು?
3. ನಮ್ಮ ಊರಿನಲ್ಲಿ ಸೂರ್ಯನು ದಿನವೂ ಮುಳುಗುತ್ತಾನೆ. ವಿದ್ಯುದ್ದೀಪದ ಬೆಳಕು ನಮ್ಮ ಮನೆಯ ಮೇರೆಯನ್ನು ಎಷ್ಟು ಸರಿಸಿದೆ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ವಿಚಾರಿಸಿರಿ.